ಹೊರನಾಡಿನ ತಾಮ್ರ, ನಮ್ಮ ಕೋಲಾರ

ಕಳೆದ ತಿಂಗಳು ನಮ್ಮ ಬಳಗದ ಓದಿನ ಸಭೆ ಅಹಮದಾಬಾದಿನಲ್ಲಿ ಸೇರಿದಾಗ, ಗೊತ್ತುಮಾಡಿದ್ದ ಪುಸ್ತಕದ ಚರ್ಚೆ ಅರ್ಧಕ್ಕೇ ನಿಂತಿತು. ವಡೋದರಾದಿಂದ ಬಂದಿದ್ದ ಸದಸ್ಯರೊಬ್ಬರ ಮಗ, ವಿದ್ಯುತ್ ಎಂಜಿನಿಯರ್, ಜಾಂಬಿಯಾ ದೇಶದ ತಾಮ್ರದ ಗಣಿಯೊಂದಕ್ಕೆ ಮೂರು ವರ್ಷದ ಕರಾರಿನ ಮೇಲೆ ಹೊರಟಿದ್ದ. ಅವನನ್ನು ಹರಸಿ ಕಳುಹಿಸೋಣವೆಂದು ತಂದೆತಾಯಿ ಕರೆತಂದಿದ್ದರು. ಅವನ ಚೀಲದಲ್ಲಿ ಕಂಪನಿಯ ಕೈಪಿಡಿಯೊಂದಿತ್ತು. ಅದರ ಒಂದು ಅಧ್ಯಾಯಕ್ಕೆ ಸ್ಥಳೀಯ ಸಮುದಾಯದೊಂದಿಗೆ ಸೌಹಾರ್ದ ಸಂಬಂಧ ಎಂಬ ಅರ್ಥದ ಶೀರ್ಷಿಕೆ. ಒಳಗೆ ಬಣ್ಣದ ಚಿತ್ರಗಳು: ಹೊಸ ಶಾಲಾಚೀಲ ಹಿಡಿದ ಮಕ್ಕಳು, ಕೈಪಂಪಿನ ಸುತ್ತ ನಿಂತ ಹೆಂಗಸರು, ಫುಟ್‌ಬಾಲ್ ತಂಡ.

ನಮ್ಮಲ್ಲೊಬ್ಬ ಹಿರಿಯರಿದ್ದಾರೆ. ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಮನೆಮಾತು ತೆಲುಗು, ಓದಿದ್ದು ಕನ್ನಡ, ದುಡಿದದ್ದು ಸೂರತ್ತಿನಲ್ಲಿ. ತಂದೆ ಚಾಂಪಿಯನ್ ರೀಫ್ ಗಣಿಯ ಕೆಳಗೆ ಇಳಿಯುತ್ತಿದ್ದವರು. ಅವರು ಕೈಪಿಡಿಯ ಪುಟಗಳನ್ನು ನಿಧಾನವಾಗಿ ಮಗುಚಿ, "ಇದೆಲ್ಲ ನಮ್ಮೂರಲ್ಲೂ ಇತ್ತಪ್ಪ. ಶಾಲೆ ಇತ್ತು, ಆಸ್ಪತ್ರೆ ಇತ್ತು, ಫುಟ್‌ಬಾಲೂ ಇತ್ತು. ಗಣಿ ಮುಚ್ಚಿದ ಮೇಲೆ ಏನು ಅಂತ ಇದರಲ್ಲಿ ಎಲ್ಲಿ ಬರೆದಿದೆ, ತೋರಿಸು" ಎಂದರು. ಹುಡುಗ ಹುಡುಕಿದ. ಸಿಗಲಿಲ್ಲ.

ಆ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಹೊರದೇಶದಲ್ಲಿ ಲೋಹದ ಗಣಿ ತೆರೆಯುವವರು ಅಲ್ಲಿನ ಜನರೊಂದಿಗೆ ಒಳ್ಳೆಯ ಸಂಬಂಧ ಇಟ್ಟುಕೊಳ್ಳಬೇಕೆಂಬ ಮಾತಿಗೆ ಇಂದು ಯಾರ ತಕರಾರೂ ಇಲ್ಲ. ಪ್ರತಿ ಕಂಪನಿಯ ವಾರ್ಷಿಕ ವರದಿಯಲ್ಲೂ ಅದು ಅಚ್ಚಾಗುತ್ತದೆ. ಆದರೆ ಸಂಬಂಧವೆಂದರೆ ಗಣಿ ನಡೆಯುವಷ್ಟು ಕಾಲ ಕೊಡುವ ಉಡುಗೊರೆ ಎಂದೇ ಆ ವರದಿಗಳು ತಿಳಿದಂತಿದೆ. ನಮ್ಮ ಅಭಿಪ್ರಾಯ ಬೇರೆ. ನೀರು ಯಾರದು, ಮಾತಾಡುವ ಹಕ್ಕು ಯಾರದು, ಮುಚ್ಚಿದ ಮೇಲೆ ಉಳಿಯುವುದು ಯಾರ ಪಾಲಿಗೆ ಎಂಬುದನ್ನು ಮೊದಲ ಗುದ್ದಲಿ ಬೀಳುವ ಮುನ್ನವೇ ಬರೆದಿಡದಿದ್ದರೆ, ಶಾಲಾಚೀಲಗಳಿಂದ ಆಗುವುದು ಬಹಳ ಕಡಿಮೆ.

ಇದು ಗುಜರಾತಿನಲ್ಲಿ ನೆಲೆಸಿದ ನಮಗೆ ಏಕೆ ಬೇಕು ಎಂದು ಕೇಳಬಹುದು. ನಮ್ಮ ವಡೋದರಾದ ಗೆಳೆಯರಲ್ಲಿ ಅರ್ಧ ಜನ ಟ್ರಾನ್ಸ್‌ಫಾರ್ಮರ್, ಕೇಬಲ್, ಸ್ವಿಚ್‌ಗಿಯರ್ ಕಾರ್ಖಾನೆಗಳವರು. ಅವರ ಅನ್ನ ತಾಮ್ರದ ತಂತಿಯಲ್ಲಿದೆ. ಭರೂಚ್ ಜಿಲ್ಲೆಯ ದಹೇಜ್‌ನಲ್ಲಿ, ಖಂಭಾತ್ ಕೊಲ್ಲಿಯ ದಡದಲ್ಲಿ, ಬಿರ್ಲಾ ಸಮೂಹದ ತಾಮ್ರ ಕರಗಿಸುವ ಘಟಕ 1998ರಿಂದ ನಡೆಯುತ್ತಿದೆ. ಮುಂದ್ರಾದಲ್ಲಿ ಅದಾನಿ ಸಮೂಹದ ಕಛ್ ಕಾಪರ್ 2024ರಲ್ಲಿ ಆರಂಭವಾಯಿತು. ಮೊದಲ ಹಂತದ ಸಾಮರ್ಥ್ಯವೇ ವರ್ಷಕ್ಕೆ 5 ಲಕ್ಷ ಟನ್. ಈ ಕುಲುಮೆಗಳಿಗೆ ನಮ್ಮ ಖೇತ್ರಿ, ಮಲಂಜ್‌ಖಂಡಗಳ ಅದಿರು ಯಾವ ಮೂಲೆಗೂ ಸಾಲದು. ಹಡಗಿನಲ್ಲಿ ಬಂದಿಳಿಯುವ ಸಾಂದ್ರೀಕರಿಸಿದ ಅದಿರೇ ಅವುಗಳ ಆಹಾರ. ಬೇಸಿಗೆಯಲ್ಲಿ ನಮ್ಮ ತಲೆಯ ಮೇಲೆ ತಿರುಗುವ ಫ್ಯಾನಿನ ಸುರುಳಿ ಯಾವುದೋ ಖಂಡದ ಯಾರದೋ ಊರಿನ ನೆಲದಿಂದ ಎದ್ದು ಬಂದದ್ದು. ಸೂರತ್ತಿನವರಿಗೆ ಇದು ಹೊಸತಲ್ಲ. ವಜ್ರ ಲೋಹವಲ್ಲ, ಒಪ್ಪುತ್ತೇವೆ. ಆದರೆ ಅಗೆಯುವುದು ಬೋಟ್ಸ್ವಾನಾದಲ್ಲಿ, ಹೊಳಪು ಸೂರತ್ತಿನಲ್ಲಿ ಎಂಬ ಹಳೆಯ ಏರ್ಪಾಡನ್ನು ಬೋಟ್ಸ್ವಾನಾ ಸರ್ಕಾರ ಒಪ್ಪದೆ, ಹರಳು ಉಜ್ಜುವ ಕೆಲಸದಲ್ಲೂ ತನ್ನ ಜನಕ್ಕೆ ಪಾಲು ಬೇಕೆಂದು ಪಟ್ಟು ಹಿಡಿದಾಗ ಸೂರತ್ತಿನ ಸಂಸ್ಥೆಗಳೇ ಗ್ಯಾಬೊರೋನ್‌ನಲ್ಲಿ ಕಾರ್ಖಾನೆ ತೆರೆದವು. ನೆಲದವರು ಕೇಳಲು ಕಲಿತಿದ್ದಾರೆ.

ಇನ್ನು ಕೋಲಾರ. ಕೆಜಿಎಫ್ ಎಂದರೆ ಈಗಿನ ಮಕ್ಕಳಿಗೆ ಸಿನಿಮಾ. ನಾವು ಅದನ್ನು ಹೊರದೇಶದವರ ಲೋಹದ ಗಣಿ ಎಂದು ನೆನೆಯುವುದೇ ಇಲ್ಲ. ಆದರೆ ಲಂಡನ್ನಿನ ಕಡೆಯಿಂದ ನೋಡಿದರೆ ಅದು ಅದೇ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂದಿತು. ಷೇರುದಾರರು ಇಂಗ್ಲೆಂಡಿನಲ್ಲಿ, ರಾಜಧನ ಮೈಸೂರು ಸಂಸ್ಥಾನಕ್ಕೆ, ಕೆಳಗಿಳಿಯುವ ಮೈ ಹೆಚ್ಚಾಗಿ ತಮಿಳು, ತೆಲುಗು ಸೀಮೆಗಳಿಂದ ಬಂದ ದಲಿತರದು. ಸ್ಥಳೀಯ ಸಂಬಂಧದ ಯಾವ ಪಟ್ಟಿಯಲ್ಲಿ ನೋಡಿದರೂ ಆ ಗಣಿಗೆ ಒಳ್ಳೆಯ ಅಂಕ ಸಿಗುತ್ತದೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ನಡೆದು ಮೊದಲು ತಲುಪಿದ್ದು ಗಣಿಗೆ; ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಬೇತಮಂಗಲದ ಕೆರೆಯಿಂದ ನೀರು ಬಂತು. ಆಸ್ಪತ್ರೆ, ಕ್ಲಬ್ಬು, ಚರ್ಚು, ರೈಲು ಎಲ್ಲ ಬಂದವು. ಪುಟ್ಟ ಇಂಗ್ಲೆಂಡ್ ಎಂದು ಹೊಗಳಿದವರೂ ಉಂಟು. ಗಣಿ ಕಾರ್ಮಿಕರ ಸಾಲುಮನೆಗಳನ್ನು ನೋಡಿದವರು ಹಾಗೆ ಹೊಗಳಿದರೋ ಇಲ್ಲವೋ ತಿಳಿಯದು. 1930ರಲ್ಲಿ ಬೆರಳಚ್ಚು ನೋಂದಣಿಯ ವಿರುದ್ಧ ಸಾವಿರಾರು ಕಾರ್ಮಿಕರು ಕೆಲಸ ನಿಲ್ಲಿಸಿದರು. ಮುಷ್ಕರದ ಕಾರಣ ಕೂಲಿಯ ಲೆಕ್ಕವಷ್ಟೇ ಆಗಿರಲಿಲ್ಲ, ತಮ್ಮನ್ನು ಕಳ್ಳರಂತೆ ಕಾಣುತ್ತಾರೆಂಬ ಅವಮಾನವೂ ಅದರಲ್ಲಿತ್ತು.

ಸ್ವಾತಂತ್ರ್ಯಾನಂತರ ಗಣಿ ರಾಜ್ಯ ಸರ್ಕಾರದ ಕೈಗೆ, ಬಳಿಕ ಕೇಂದ್ರದ ಕೈಗೆ ಬಂತು. ಹೊರದೇಶದ ಮಾಲೀಕ ಹೋಗಿ ಸ್ವದೇಶದ ಮಾಲೀಕ ಬಂದನಷ್ಟೇ. ಮುಚ್ಚುವ ದಿನದ ಬಗ್ಗೆ ಇಬ್ಬರೂ ಏನನ್ನೂ ಬರೆದಿಟ್ಟಿರಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ನಿಂತಿತು. ಮೂರು ಕಿಲೋಮೀಟರಿಗೂ ಆಳದ ಸುರಂಗಗಳಲ್ಲಿ ನೀರು ತುಂಬಿತು. ಮೇಲೆ ಉಳಿದದ್ದು ಊರಿನವರು ಸಯನೈಡ್ ಗುಡ್ಡಗಳೆನ್ನುವ 13 ತ್ಯಾಜ್ಯದಿಬ್ಬಗಳು, ಸುಮಾರು 3.3 ಕೋಟಿ ಟನ್ ಬೂದುಮಣ್ಣು. ಗಾಳಿ ಎದ್ದ ದಿನ ಆ ಮಣ್ಣು ಅನ್ನದ ತಟ್ಟೆಯ ತನಕ ಬರುತ್ತದೆ ಎಂದು ನಮ್ಮ ಹಿರಿಯರು ಹೇಳುವಾಗ ಅವರ ದನಿಯಲ್ಲಿ ದೂರಿಗಿಂತ ಅಭ್ಯಾಸವೇ ಹೆಚ್ಚು. ಊರಿನ ಮಕ್ಕಳು ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂದಿರುಗುತ್ತಾರೆ. ಶತಮಾನಕ್ಕೂ ಮಿಕ್ಕಿ ಚಿನ್ನ ಕೊಟ್ಟ ಊರು ಈಗ ಮಲಗಲು ಮಾತ್ರ ಬೇಕಾದ ಊರು. ಇಪ್ಪತ್ತಮೂರು ವರ್ಷಗಳ ಬಳಿಕ, 2024ರಲ್ಲಿ, ಆ ದಿಬ್ಬಗಳಲ್ಲಿ ಉಳಿದ ಚಿನ್ನವನ್ನು ತೆಗೆಯಲು ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಚಿನ್ನ ಇದೆಯೆಂದಾಗ ಮಾತ್ರ ದಿಬ್ಬಗಳು ನೆನಪಾದವಲ್ಲ ಎಂದು ಆ ಹಿರಿಯರು ನಕ್ಕರು.

ಕೋಲಾರದ್ದು ಹಳೆಯ ಕಾಲದ ಕಥೆ, ಈಗಿನ ಭಾರತೀಯ ಕಂಪನಿಗಳು ಹಾಗಲ್ಲ ಎನ್ನುವವರಿಗಾಗಿ ದಹೇಜ್‌ನ ಕುಲುಮೆಗೇ ನಂಟಿದ್ದ ಒಂದು ಗಣಿಯ ಕಥೆ ಹೇಳಬೇಕು. ಪಶ್ಚಿಮ ಆಸ್ಟ್ರೇಲಿಯಾದ ಮರಳುಗಾಡಿನಲ್ಲಿ ನಿಫ್ಟಿ ಎಂಬ ತಾಮ್ರದ ಗಣಿ ಇದೆ. ಷೇರುಪೇಟೆಯ ನಿಫ್ಟಿಗೂ ಇದಕ್ಕೂ ಸಂಬಂಧವಿಲ್ಲ, ಅಹಮದಾಬಾದಿನಲ್ಲಿ ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಅದು ಮಾರ್ತು ಎಂಬ ಮೂಲನಿವಾಸಿಗಳ ನೆಲ. ಸುಮಾರು 1,36,000 ಚದರ ಕಿಲೋಮೀಟರ್ ಪ್ರದೇಶದ ಮೇಲೆ ಮಾರ್ತು ಜನರ ಪರಂಪರಾಗತ ಹಕ್ಕನ್ನು ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ 2002ರಲ್ಲಿ ಮಾನ್ಯ ಮಾಡಿತು. ಮರುವರ್ಷವೇ ಬಿರ್ಲಾ ಸಮೂಹ ಆ ಗಣಿಯನ್ನು ಕೊಂಡಿತು. ಸ್ವಂತ ಗಣಿಯ ಅದಿರು ಸ್ವಂತ ಕುಲುಮೆಗೆ ಎಂಬ ಲೆಕ್ಕಾಚಾರ ತಪ್ಪೇನಲ್ಲ. 2014ರಲ್ಲಿ ಗಣಿಯ ಮೇಲೆ ನೆಲ ಕುಸಿದು ಕೆಲಸ ನಿಂತಿತು. 2016ರಲ್ಲಿ ಗಣಿ ಮೆಟಲ್ಸ್ ಎಕ್ಸ್ ಎಂಬ ಕಂಪನಿಗೆ ಹೋಯಿತು. ಅದು 2019ರಲ್ಲಿ ಬಾಗಿಲು ಎಳೆಯಿತು. 2021ರಲ್ಲಿ ಸೈಪ್ರಿಯಮ್ ಎಂಬ ಮತ್ತೊಂದು ಕಂಪನಿ ಕೊಂಡಿತು. ಬಿರ್ಲಾಗೆ ಮೊದಲು ಸ್ಟ್ರೈಟ್ಸ್, ಅದಕ್ಕೂ ಮೊದಲು ವೆಸ್ಟರ್ನ್ ಮೈನಿಂಗ್. ಒಂದೇ ಗುಂಡಿಗೆ ಐದು ಮಾಲೀಕರು.

ನಾವು ಇದನ್ನು ಯಾವ ಕಂಪನಿಯ ಮೇಲಿನ ಆರೋಪವಾಗಿಯೂ ಹೇಳುತ್ತಿಲ್ಲ. ಗಣಿ ಕೈಬದಲಾಗುವುದು ಆ ವ್ಯಾಪಾರದ ಸ್ವಭಾವ. ಆದರೆ ಪ್ರತಿ ಬಾರಿಯೂ ಹೊಸ ಬಿಳಿ ಜೀಪಿನಲ್ಲಿ ಹೊಸ ಅಧಿಕಾರಿ ಬಂದು ಕೈಕುಲುಕಿ, ನಾವು ನಿಮ್ಮೊಂದಿಗೆ ದೀರ್ಘಕಾಲದ ಸಂಬಂಧ ಬಯಸುತ್ತೇವೆ ಎಂದಾಗ ಎದುರಿಗೆ ಕೂತವರು ಅದೇ ಜನ, ಅವರ ಮಕ್ಕಳು, ಮೊಮ್ಮಕ್ಕಳು. ಕಂಪನಿಯ ದೀರ್ಘಕಾಲಕ್ಕೂ ಊರಿನ ದೀರ್ಘಕಾಲಕ್ಕೂ ಅಳತೆಗೋಲು ಬೇರೆ. ಆದ್ದರಿಂದ ಒಪ್ಪಂದ ಕಂಪನಿಯ ಹೆಸರಿಗೆ ಅಂಟಿರಬಾರದು, ಗಣಿಯ ಗುತ್ತಿಗೆಗೆ ಅಂಟಿರಬೇಕು. ಯಾರು ಕೊಂಡರೂ ಸಾಲದಂತೆ ಅದನ್ನೂ ಕೊಂಡುಕೊಳ್ಳಬೇಕು. ಮುಚ್ಚುವ ಖರ್ಚಿನ ಹಣ ಮಾಲೀಕನ ಕೈಗೆ ಸಿಗದ ಠೇವಣಿಯಲ್ಲಿರಬೇಕು. ಇದು ನಮ್ಮ ಸ್ವಂತ ಶೋಧವೇನಲ್ಲ, ಗಣಿ ಕಾನೂನು ಬಲವಾಗಿರುವ ದೇಶಗಳಲ್ಲಿ ಇದರ ಕೆಲವು ಅಂಶಗಳು ಜಾರಿಯಲ್ಲಿವೆ. ಕಾನೂನು ದುರ್ಬಲವಾಗಿರುವ ದೇಶಕ್ಕೆ ಹೋದಾಗಲೂ ಅದನ್ನು ತಾವಾಗಿಯೇ ಒಪ್ಪಿಕೊಳ್ಳುತ್ತಾರೆಯೇ ಎಂಬಲ್ಲೇ ಪರೀಕ್ಷೆ.

ಅಂಥ ಪರೀಕ್ಷೆ ಜಾಂಬಿಯಾದಲ್ಲಿ ನಡೆದಿದೆ, ಹುಡುಗ ಹೊರಟಿರುವ ದೇಶದಲ್ಲೇ. ಅಲ್ಲಿನ ಕೊಂಕೋಲಾ ತಾಮ್ರ ಗಣಿಗಳ 51 ಶೇಕಡಾ ಪಾಲನ್ನು ವೇದಾಂತ 2004ರಲ್ಲಿ ಕೊಂಡಿತು. 2006ರಲ್ಲಿ ತ್ಯಾಜ್ಯದ ಕೊಳವೆ ಒಡೆದು ಕಫೂ ನದಿ ಕೆಟ್ಟಿತು. ಚಿಂಗೋಲಾ ಸುತ್ತಲಿನ ಹಳ್ಳಿಗರು ನೀರು, ಹೊಲ, ಮೀನು ಹಾಳಾದವೆಂದು ವರ್ಷಗಟ್ಟಲೆ ದೂರಿ, ಕೊನೆಗೆ 2015ರಲ್ಲಿ ಲಂಡನ್ನಿನ ನ್ಯಾಯಾಲಯದ ಮೆಟ್ಟಿಲೇರಿದರು. ಮಾತೃಸಂಸ್ಥೆಯ ಮೇಲೆ ಇಂಗ್ಲೆಂಡಿನಲ್ಲೇ ದಾವೆ ಹೂಡಬಹುದೇ ಎಂಬುದೇ ನಾಲ್ಕು ವರ್ಷದ ವಾದವಾಯಿತು. 2019ರ ಏಪ್ರಿಲ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 1,826 ಹಳ್ಳಿಗರ ಪರವಾಗಿ, ಹೂಡಬಹುದು ಎಂದಿತು. 2021ರಲ್ಲಿ, ತಪ್ಪೊಪ್ಪಿಗೆ ಇಲ್ಲದೆ, ರಾಜಿಯಾಯಿತು. ಇದರ ನಡುವಿನ ಒಂದು ಪ್ರಸಂಗ ಕನ್ನಡಿಗರಿಗೆ ನೆನಪಿರಬೇಕಾದದ್ದು. 2014ರಲ್ಲಿ ಬೆಂಗಳೂರಿನ ವ್ಯಾಪಾರಿಗಳ ಸಮಾವೇಶವೊಂದರಲ್ಲಿ ವೇದಾಂತದ ಅಧ್ಯಕ್ಷ ಅನಿಲ್ ಅಗರ್ವಾಲ್ ಆ ಗಣಿಯನ್ನು ತಾವು ಎಷ್ಟು ಅಗ್ಗಕ್ಕೆ ಕೊಂಡೆವು, ಅದು ಎಷ್ಟು ಲಾಭ ತರುತ್ತಿದೆ ಎಂದು ಸಭಿಕರ ಚಪ್ಪಾಳೆಯ ನಡುವೆ ವಿವರಿಸಿದ್ದರು. ಆ ದೃಶ್ಯ ಜಾಂಬಿಯಾ ತಲುಪಿದಾಗ ಅಲ್ಲಿ ಎದ್ದ ಸಿಟ್ಟನ್ನು ಊಹಿಸಬಹುದು. ಎಷ್ಟು ಕೈಪಂಪು ಹಾಕಿಸಿದ್ದರೂ ಆ ಒಂದು ಭಾಷಣವನ್ನು ಅವು ತೊಳೆಯಲಾರವು. ಚಪ್ಪಾಳೆ ತಟ್ಟಿದ ಬೆಂಗಳೂರಿನ ಕೈಗಳ ಬಗ್ಗೆಯೂ ನಾವು ಯೋಚಿಸಬೇಕು.

ಕೈಪಿಡಿಗಳಲ್ಲಿ ಸಮುದಾಯ ಎಂಬ ಪದ ಏಕವಚನದಲ್ಲಿರುತ್ತದೆ. ನಿಜದ ಊರಿನಲ್ಲಿ ಅದು ಎಂದೂ ಏಕವಚನವಲ್ಲ. ಪಪುವಾ ನ್ಯೂಗಿನಿಯ ಬೂಗನ್‌ವಿಲ್ ದ್ವೀಪದ ಪಂಗುನಾ ತಾಮ್ರದ ಗಣಿ 1972ರಲ್ಲಿ ಆರಂಭವಾಯಿತು. ಆ ಸೀಮೆಯಲ್ಲಿ ಭೂಮಿ ಇಳಿಯುವುದು ತಾಯಿಯ ಕಡೆಯಿಂದ. ನಮ್ಮ ತುಳುನಾಡಿನ ಅಳಿಯಸಂತಾನ ಕಟ್ಟನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಕಂಪನಿ, ಸರ್ಕಾರಗಳ ಮಾತುಕತೆ ಬಹುಪಾಲು ಗಂಡಸರೊಂದಿಗೆ ನಡೆಯಿತು. 1969ರಲ್ಲೇ ರೋರೊವಾನಾದ ಹೆಂಗಸರು ಸರ್ವೆಯ ಗೂಟಗಳನ್ನು ಕಿತ್ತೆಸೆದರು. ಉತ್ತರವಾಗಿ ಅಶ್ರುವಾಯು ಬಂತು. ಮುಂದೆ ಪರಿಹಾರದ ಹಣ ಹಿರಿಯರ ಕೈ ಸೇರಿ ಕಿರಿಯರಿಗೆ ಮುಟ್ಟದಾದಾಗ, ತ್ಯಾಜ್ಯವೆಲ್ಲ ಜಾಬಾ ನದಿಗೆ ಹರಿದಾಗ, ಯುವಕರು ವಿದ್ಯುತ್ ಕಂಬಗಳನ್ನು ಉರುಳಿಸಿದರು. 1989ರಲ್ಲಿ ಗಣಿ ನಿಂತಿತು, ಯುದ್ಧ ಶುರುವಾಯಿತು, ಸಾವಿರಾರು ಜನ ಸತ್ತರು. ಕಾಗದದ ಮೇಲೆ ಅಲ್ಲಿ ಪರಿಹಾರವೂ ಇತ್ತು, ಒಪ್ಪಂದವೂ ಇತ್ತು.

ಅಹಮದಾಬಾದಿನವರಿಗೆ ಹತ್ತಿರದ ಉದಾಹರಣೆ ಕ್ವೀನ್ಸ್‌ಲ್ಯಾಂಡಿನ ಕಾರ್ಮೈಕಲ್. ಅದು ಕಲ್ಲಿದ್ದಲು, ಲೋಹವಲ್ಲ. ಆದ್ದರಿಂದ ಒಂದೇ ಮಾತು. ವಾಂಗನ್ ಮತ್ತು ಜಗಲಿಂಗೂ ಜನರ 2016ರ ಸಭೆಯಲ್ಲಿ ಬಹುಮತ ಭೂಬಳಕೆ ಒಪ್ಪಂದದ ಪರ ಇತ್ತು, ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆದರೂ ಆ ಸಭೆಯನ್ನೇ ಒಪ್ಪದ ಅದೇ ಕುಲದ ಜನ ವರ್ಷಗಟ್ಟಲೆ ಹೋರಾಡಿದರು. ಎಣಿಕೆಯಲ್ಲಿ ಗೆದ್ದರೆ ಸಂಬಂಧ ಆಯಿತೆಂದು ತಿಳಿಯುವುದು ಚುನಾವಣೆಯ ಬುದ್ಧಿ. ಬರದೆ ಉಳಿದವರ ಮನೆಗೂ ಹೋಗಿ ಕೂರುವುದು ನೆಂಟರ ಬುದ್ಧಿ.

ನೆಂಟರೆಂದಾಗ ಒಂದು ಪದದ ನೆನಪು. ಕನ್ನಡದಲ್ಲಿ ವ್ಯವಹಾರವೆಂದರೆ ಲೇವಾದೇವಿ. ಅವನು ಬರೀ ವ್ಯವಹಾರದ ಮನುಷ್ಯ ಎಂದರೆ ಹೊಗಳಿಕೆಯಲ್ಲ. ನಮ್ಮ ಗುಜರಾತಿ ನೆರೆಯವರ ವಹೇವಾರ್ ಅದೇ ಪದ, ಆದರೆ ಮದುವೆ, ಸೀಮಂತ, ಸಾವುಗಳಲ್ಲಿ ತಲೆಮಾರುಗಳ ಕಾಲ ನೆಂಟರ ನಡುವೆ ಕೊಟ್ಟು ಪಡೆಯುವ ರೂಢಿಯೂ ಅದರಲ್ಲಿ ಸೇರುತ್ತದೆ. ಅಲ್ಲಿ ಲೆಕ್ಕ ಎಂದೂ ಪೂರ್ತಿ ಚುಕ್ತಾ ಆಗುವುದಿಲ್ಲ. ಚುಕ್ತಾ ಮಾಡಿಬಿಟ್ಟರೆ ನಂಟೇ ಮುಗಿಯಿತು. ಗಣಿ ಕಂಪನಿಗಳು ಸಾಮಾಜಿಕ ಪರವಾನಗಿ ಎನ್ನುವಾಗ ಅದನ್ನು ಒಮ್ಮೆ ಪಡೆದು ಜೇಬಿನಲ್ಲಿಟ್ಟುಕೊಳ್ಳುವ ಚೀಟಿಯಂತೆ ಮಾತಾಡುತ್ತವೆ. ವಹೇವಾರ್ ಬಲ್ಲ ವ್ಯಾಪಾರಿ ಕುಲಗಳ ನಾಡಿನಿಂದ ಹೊರಟ ಕಂಪನಿಗಳಿಗಾದರೂ ಇದು ಹೊಳೆಯಬೇಕಿತ್ತು.

ನಮ್ಮ ಸಭೆಯಲ್ಲೇ ಇದಕ್ಕೆ ಬಲವಾದ ಆಕ್ಷೇಪ ಬಂತು, ಅದನ್ನು ಮುಚ್ಚಿಡುವುದು ಸರಿಯಲ್ಲ. ವಡೋದರಾದ ಗೆಳೆಯರೊಬ್ಬರು ಹೇಳಿದ್ದು: "ಹಳ್ಳಿಗೆ ಕರೆಂಟು ಬೇಕು, ಸೌರಫಲಕ ಬೇಕು, ಎಲೆಕ್ಟ್ರಿಕ್ ಬಸ್ಸು ಬೇಕು, ತಾಮ್ರ ಮಾತ್ರ ಬೇಡವೇ? ತೂತ್ತುಕುಡಿಯ ಘಟಕ 2018ರಲ್ಲಿ ಮುಚ್ಚಿದ ಮೇಲೆ ದೇಶ ತಾಮ್ರವನ್ನು ಆಮದು ಮಾಡಿಕೊಳ್ಳುವ ಸ್ಥಿತಿಗೆ ಬಂತು. ಚೀನಾದವರು ಯಾರನ್ನೂ ಕೇಳದೆ ಗಣಿಗಳನ್ನು ಕೊಳ್ಳುತ್ತಿದ್ದಾರೆ. ನಾವು ಹೀಗೆ ಊರೂರು ಕೂತು ಮಾತಾಡುತ್ತಿದ್ದರೆ ಹಿಂದೆ ಬೀಳುತ್ತೇವೆ." ತಾಮ್ರ ಬೇಕು ಎಂಬುದರಲ್ಲಿ ಅವರು ಸರಿ. ಭಾರತ ಸರ್ಕಾರವೇ 2019ರಲ್ಲಿ ಖನಿಜ್ ಬಿದೇಶ್ ಇಂಡಿಯಾ ಎಂಬ ಕಂಪನಿ ಕಟ್ಟಿ, 2024ರ ಜನವರಿಯಲ್ಲಿ ಅರ್ಜೆಂಟೀನಾದ ಕಟಮಾರ್ಕಾದಲ್ಲಿ ಐದು ಲಿಥಿಯಂ ಬ್ಲಾಕುಗಳಿಗೆ ಸಹಿ ಹಾಕಿದೆ. ಹೊರಗೆ ಹೋಗುವುದು ನಿಲ್ಲದು, ನಿಲ್ಲಬೇಕೆಂದು ನಾವೂ ಹೇಳುತ್ತಿಲ್ಲ. ಆದರೆ ಅವಸರ ಉಳಿಸುವ ಕಾಲದ ಲೆಕ್ಕ ನಮಗೆ ಹಿಡಿಸಲಿಲ್ಲ. 2025ರ ಫೆಬ್ರವರಿಯಲ್ಲಿ ಜಾಂಬಿಯಾದ ಚಂಬಿಶಿಯಲ್ಲಿ ಚೀನೀ ಒಡೆತನದ ಗಣಿಯ ತ್ಯಾಜ್ಯದ ಕಟ್ಟೆ ಒಡೆದು ಆಮ್ಲದ ನೀರು ಕಫೂ ನದಿಗೆ ನುಗ್ಗಿತು. ಕಿಟ್ವೆ ನಗರದ ನಲ್ಲಿಗಳು ಒಣಗಿದವು. ಪನಾಮಾ ದೇಶದಲ್ಲಿ ಸುಮಾರು 1,000 ಕೋಟಿ ಡಾಲರ್ ಸುರಿದು ಕಟ್ಟಿದ ಕೋಬ್ರೆ ಪನಾಮಾ ಗಣಿ, ಜಗತ್ತಿನ ತಾಮ್ರದ ನೂರರಲ್ಲೊಂದು ಪಾಲು ಕೊಡುತ್ತಿದ್ದದ್ದು, ಬೀದಿಗಿಳಿದ ಜನ ಮತ್ತು ಸುಪ್ರೀಂ ಕೋರ್ಟಿನ ತೀರ್ಪಿನ ಎದುರು 2023ರ ಕೊನೆಗೆ ನಿಂತೇಹೋಯಿತು. ಲಾಭದ ಭಾಷೆಯಲ್ಲಿ ಮಾತ್ರ ಈ ವಾದ ಮಾಡುವುದು ನಮಗೆ ಸಂಕೋಚ. ಆ ಭಾಷೆಯವರಿಗೂ ಉತ್ತರ ಇದೆಯೆಂದು ತಿಳಿಯಲಿ ಎಂದಷ್ಟೇ.

ಅವರ ಆಕ್ಷೇಪದಲ್ಲಿ ನಮ್ಮನ್ನು ನಿಜವಾಗಿ ಚುಚ್ಚಿದ್ದು ಬೇರೊಂದು ಮಾತು. ಹೊರದೇಶದವರಿಗೆ ಉಪದೇಶ ಹೇಳುವ ನೀವು ಛೋಟಾ ಉದೇಪುರಕ್ಕೆ ಹೋಗಿ ರಾಠವಾ ಜನರನ್ನು ಕೇಳಿದ್ದೀರಾ ಎಂದರು. ವಡೋದರಾದಿಂದ ಕೆಲವೇ ಗಂಟೆಯ ದಾರಿ. ಅಲ್ಲಿನ ಅಂಬಾಡುಂಗರ್‌ನಲ್ಲಿ ಅಪರೂಪದ ಖನಿಜಗಳ ನಿಕ್ಷೇಪವಿದೆ. ಉತ್ತರದಲ್ಲಿ ಅಂಬಾಜಿಯ ಬಳಿ ತಾಮ್ರ, ಸೀಸ, ಸತುವಿನ ನಿಕ್ಷೇಪವಿದೆ. ಇಂದಲ್ಲ ನಾಳೆ ಎರಡೂ ಕಡೆ ದೊಡ್ಡ ಗಣಿ ಬರುವ ಮಾತಿದೆ. ಎರಡೂ ಆದಿವಾಸಿಗಳ ಸೀಮೆ. ರಾಠವಾ ಮನೆಗಳ ಪಿಥೋರಾ ಚಿತ್ರಗಳನ್ನು ನಮ್ಮಲ್ಲಿ ಹಲವರು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇವೆ. ಆ ಮನೆಗಳ ಗ್ರಾಮಸಭೆಯಲ್ಲಿ ಏನು ಮಾತಾಗುತ್ತಿದೆ ಎಂದು ಯಾರೂ ಕೇಳಿಲ್ಲ. ಒಡಿಶಾದ ನಿಯಮಗಿರಿಯಲ್ಲಿ 2013ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ 12 ಗ್ರಾಮಸಭೆಗಳನ್ನು ಕೇಳಿದರು, ಹನ್ನೆರಡೂ ಬಾಕ್ಸೈಟ್ ಗಣಿ ಬೇಡವೆಂದವು. ಬೇಡ ಎಂಬ ಉತ್ತರವೂ ಬರಬಹುದೆಂದು ಒಪ್ಪಿಕೊಂಡೇ ಕೇಳುವುದು ಕೇಳುವುದು. ಇಲ್ಲವಾದರೆ ಅದು ತಿಳಿವಳಿಕೆ ಪತ್ರ. ಮುಂದಿನ ಚಳಿಗಾಲದ ಪ್ರವಾಸವನ್ನು ಛೋಟಾ ಉದೇಪುರಕ್ಕೆ ಇಟ್ಟುಕೊಳ್ಳುವುದೆಂದು ಅಂದೇ ತೀರ್ಮಾನಿಸಿದೆವು. ಆಕ್ಷೇಪವೆತ್ತಿದ ಗೆಳೆಯರೇ ಬಸ್ಸಿನ ಹೊಣೆ ಹೊತ್ತರು.

ಹುಡುಗನಿಗೆ ಏನು ಹೇಳಿ ಕಳುಹಿಸುವುದು ಎಂಬುದು ಉಳಿಯಿತು. ಅವನು ಕಂಪನಿಯ ಒಡೆಯನಲ್ಲ, ಕೇಬಲ್ ಎಳೆಯುವವನು. ಊರಿನೊಂದಿಗಿನ ಒಪ್ಪಂದ ಬರೆಯುವವರು ಬೇರೆ ಯಾರೋ. ತಾಯಿಗೆ ಅವನ ಊಟದ ಚಿಂತೆ. ಆ ಕಡೆಯ ಊರುಗಳಲ್ಲಿ ಗುಜರಾತಿಗಳ ಅಂಗಡಿ ಇರುತ್ತದೆ, ತೊಗರಿಬೇಳೆಗೆ ಬರವಿಲ್ಲ ಎಂದು ಯಾರೋ ಸಮಾಧಾನ ಹೇಳಿದರು. ಕೋಲಾರದ ಹಿರಿಯರು ಮಾತ್ರ ಅವನನ್ನು ಬದಿಗೆ ಕರೆದು ಹೀಗೆಂದರು: "ಹೋದ ಕೂಡಲೇ ಅವರು ನಿನಗೆ ಗಣಿ ತೋರಿಸ್ತಾರೆ, ನೋಡು. ಆಮೇಲೆ ಒಂದು ದಿನ ರಜೆ ಹಾಕಿ ತ್ಯಾಜ್ಯದ ಕಟ್ಟೆಯ ಕೆಳಗಡೆ ಇರೋ ಮೊದಲನೇ ಮನೆಗೆ ಹೋಗು. ಅವರು ನೀರು ಎಲ್ಲಿಂದ ತರ್ತಾರೆ ಅಂತ ಕೇಳು. ಕೇಳಿದ್ದನ್ನ ಬರೆದು ಕಳಿಸು."

ಹುಡುಗ ತಲುಪಿ ಹತ್ತು ದಿನವಾಯಿತು. ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ಗಣಿಯ ಚಿತ್ರಗಳು ಬಂದಿವೆ, ದೊಡ್ಡ ಲಾರಿಯ ಚಕ್ರದ ಪಕ್ಕ ನಿಂತ ಅವನದೂ ಒಂದಿದೆ. ಆ ಮನೆಯ ಸುದ್ದಿ ಇನ್ನೂ ಬಂದಿಲ್ಲ. ಹಿರಿಯರು ದಿನಕ್ಕೊಮ್ಮೆ ಕೇಳುತ್ತಿದ್ದಾರೆ.